ಉಪ್ಪುನೀರಿನ ಸೌತಿಕಾಯಿ

ಬಳ್ಳೊಳ್ಳಿ ಜಜ್ಜಿದ ಬೆರಳು ಚುರುಗುಟ್ಟುತ್ತಿತ್ತು. ಮೂಗಿಗೆ ಮಾತ್ರ ಏನೂ ತಾಕಲಿಲ್ಲ. ಗುರುಸಿದ್ದವ್ವ ಬೆರಳನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದಳು. ಬರೀ ಗಾಳಿ.

ಜ್ವರ ಬಂದು ಹೋಗಿ ಎರಡು ವರ್ಷವಾಗಿತ್ತು. ವಾಸನೆ ಮರಳಿ ಬಂದಿರಲಿಲ್ಲ. ಬಬಲೇಶ್ವರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಪಲ್ಯ ಮಾಡುವ ಕೆಲಸ ಅವಳದು. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಮ್ಮೆ ಬೇಳೆ ತಳ ಹಿಡಿದು ಹೊಗೆಯೆದ್ದಾಗ, "ಫೋನಿನಾಗ ಮಾತಾಡಾಕತ್ತಿದ್ನಿರಿ" ಎಂದು ಮಾಲಕನಿಗೆ ಸುಳ್ಳು ಹೇಳಿದ್ದಳು. ಫೋನು ಮಾಡುವವರಾದರೂ ಯಾರಿದ್ದರು?

ಮೊನ್ನೆ ಮಾತ್ರ ವಿಜಯಪುರದಿಂದ ಹಸೀನಾ ಮಾಡಿದ್ದಳು. ಸೌತೆಮಿಡಿ ಆರಿಸಿ ಉಪ್ಪುನೀರಿಗೆ ಹಾಕುವ ಶೆಡ್ಡಿನಲ್ಲಿ ಇಬ್ಬರೂ ಹನ್ನೆರಡು ವರ್ಷ ಎದುರುಬದುರು ಕೂತವರು. ಖಾರ, ಎಣ್ಣೆ ಇಲ್ಲದೆ ಪರದೇಶಕ್ಕೆ ಹೋಗುತ್ತಿದ್ದ ಆ ಉಪ್ಪಿನಕಾಯಿ ನೋಡಿ ಮೊದಲು ನಕ್ಕು, ಆಮೇಲೆ ಮನೆಯಲ್ಲೂ ಹಾಕತೊಡಗಿದ್ದರು. ಶೆಡ್ಡು ಮುಚ್ಚಿತು, ಹಸೀನಾ ಮಗಳ ಮನೆ ಸೇರಿದಳು. "ಬಾಯಿ ಸಪ್ಪಗಾಗೇತಿ ಬೇ. ಸಬ್ಬಸಗಿ ಹಾಕಿದ್ದು ಒಂದು ಬರಣಿ ತಗೊಂಡು ಬಾ" ಅಂದಿದ್ದಳು.

ಗುರುಸಿದ್ದವ್ವ ಮಿಡಿಗಳ ಹೂವಿದ್ದ ತುದಿ ಕತ್ತರಿಸಿದಳು. ಅದು ಉಳಿದರೆ ಕಾಯಿ ಮೆತ್ತಗಾಗುತ್ತದೆ. ಗಾಜಿನ ಬರಣಿಯ ತಳಕ್ಕೆ ಹೂಬಿಟ್ಟ ಸಬ್ಬಸಗಿ, ಬಳ್ಳೊಳ್ಳಿ, ನಾಲ್ಕು ಕಾಳು ಮೆಣಸು, ಅದರ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಮಿಡಿ. ಗರಿಗರಿಯಾಗಿರಲೆಂದು ತಿಕೋಟಾದ ತೋಟದಿಂದ ತರಿಸಿದ ಎರಡು ದ್ರಾಕ್ಷಿ ಎಲೆ. ಕಾಸಿ ಆರಿಸಿದ ಉಪ್ಪುನೀರು ಸುರಿದು, ತೊಳೆದ ಕಲ್ಲು ಹೇರಿ, ಬಟ್ಟೆ ಕಟ್ಟಿಟ್ಟಳು.

ಮೂರನೆಯ ದಿನ ಗುಳ್ಳೆ ಎದ್ದವು. ಆರನೆಯ ದಿನ ನೀರು ಮಬ್ಬಾಯಿತು. ಹುಳಿ ಬಂದ ಮಬ್ಬೋ, ಕೆಟ್ಟ ಮಬ್ಬೋ? ನಾಲಿಗೆಗೆ ಉಪ್ಪು, ಹುಳಿ ಅಷ್ಟೇ ತಿಳಿಯಿತು. ಶೆಡ್ಡಿನಲ್ಲಿ ಪೀಪಾಯಿ ತೆರೆದ ಕೂಡಲೇ ದೂರದಿಂದಲೇ ಹೇಳಿಬಿಡುತ್ತಿದ್ದವಳು ಬಹಳ ಹೊತ್ತು ಬರಣಿಯನ್ನೇ ನೋಡುತ್ತ ಕೂತಳು. ಆಮೇಲೆ ಮುಚ್ಚಳ ಬಿಗಿದು, ಚೀಲದಲ್ಲಿಟ್ಟುಕೊಂಡು ವಿಜಯಪುರದ ಬಸ್ಸು ಹತ್ತಿದಳು.

ಅರ್ಧ ದಾರಿಯಲ್ಲಿ ಹಿಂದಿನ ಸೀಟಿನವನು, "ಯಪ್ಪಾ, ಏನ್ ವಾಸನಿರಿ ಇದು!" ಅಂದ. ಮುಂದಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿದಳು. ಗುರುಸಿದ್ದವ್ವನೂ ಎಲ್ಲರಂತೆ ಸೆರಗು ಮೂಗಿಗೆ ಹಿಡಿದು ಸುತ್ತ ನೋಡಿದಳು.

"ಯಕ್ಕಾ, ನಿಮ್ಮ ಚೀಲಾನ ಸೋರಾಕತ್ತೈತಿ ನೋಡ್ರಿ," ಪಕ್ಕದ ತರುಣಿ ಮೆಲ್ಲಗೆ ಹೇಳಿದಳು. ಬಸ್ಸು ಹತ್ತಿದಾಗ ಮಾತಿಗೆ ಸಿಕ್ಕವಳು, ಕಾಖಂಡಕಿಯ ನಂದಾ.

ಕಾಲ ಕೆಳಗೆ ಉಪ್ಪುನೀರು ಹರಿದಿತ್ತು.

"ಕೆಟ್ಟದ್ದನ್ನ ಕಿಟಕಿಯಿಂದ ಒಗೀರಿ ಅತ್ತ!" ಹಿಂದಿನವನು ಕೂಗಿದ.

ಗುರುಸಿದ್ದವ್ವ ಬರಣಿ ಎತ್ತಿ ನಂದಾಳ ಮುಂದೆ ಹಿಡಿದಳು. "ಕೆಟ್ಟೈತೇನವ್ವಾ?"

"ನಿಮಗ ತಿಳಿಯವಲ್ದೇನ್ರಿ?"

"ಎರಡು ವರ್ಷಾತು. ಜ್ವರ ಬಂದ ಮ್ಯಾಲ ಮೂಗಿಗೆ ಏನೂ ತಿಳಿಯಂಗಿಲ್ಲ. ಯಾರಿಗೂ ಹೇಳಿಲ್ಲ."

ನಂದಾ ಅವಳನ್ನೇ ನೋಡಿದಳು. ಮುಚ್ಚಳ ತಿರುವಿ, ಬಗ್ಗಿ, ನಿಧಾನವಾಗಿ ಮೂಸಿದಳು. "ಬಳ್ಳೊಳ್ಳಿ ಘಾಟು ಐತ್ರಿ. ಅದರ ಹಿಂದ ಸಬ್ಬಸಗಿ. ತ್ವಾಟದ ಮಡಿಗೆ ನೀರು ಬಿಟ್ಟಾಗ ಬರತೈತಲ್ರಿ, ಅಂಥಾ ಹಸಿ ವಾಸನಿ. ಆಮ್ಯಾಲ ಹುಳಿ ಮಜ್ಜಿಗಿದು."

"ಕೊಳತದ್ದು?"

"ಇಲ್ರಿ." ಒಂದು ಮಿಡಿ ತೆಗೆದು ಕಚ್ಚಿದಳು. ಕಟಕ್ಕನೆ ಸದ್ದಾಯಿತು. "ಛಲೋ ಐತ್ರಿ ಯಕ್ಕಾ. ಮಂದಿಗೆ ಗೊತ್ತಿಲ್ಲ, ಅದಕ್ಕ ಒದರತಾರ."

ಗುರುಸಿದ್ದವ್ವ ಬರಣಿಯನ್ನು ಮಡಿಲಿಗೆ ಇಳಿಸಿಕೊಂಡಳು. "ಇನ್ನೊಮ್ಮೆ ಹೇಳವ್ವಾ."

"ಏನ್ರಿ?"

"ವಾಸನಿ."

ನಂದಾ ಇನ್ನೊಮ್ಮೆ ಹೇಳಿದಳು. ಗುರುಸಿದ್ದವ್ವ ಕಣ್ಣು ಮುಚ್ಚಿ ಕೇಳಿದಳು. ಮಾತು ಮುಗಿಯುವಷ್ಟರಲ್ಲಿ ನಂದಾ ಇಳಿಯುವ ಕ್ರಾಸು ಬಂತು. "ಬರತೇನ್ರಿ" ಎಂದು ಅವಳು ಇಳಿದು ಹೋದಳು.

ಅಲ್ಲಿ ಬಹಳ ಮಂದಿ ಹತ್ತಿದರು. ಒಬ್ಬ ಮುದುಕ ಖಾಲಿ ಸೀಟಿನತ್ತ ಬಗ್ಗಿದವನು ಉಪ್ಪುನೀರಿನ ವಾಸನೆಗೆ ಮೂಗು ಮುರಿದು, ನೆಟ್ಟಗಾಗಿ, ಮೇಲಿನ ಕಂಬಿ ಹಿಡಿದು ನಿಂತ. ಉಳಿದವರೂ ನಿಂತೇ ಇದ್ದರು. ಗುರುಸಿದ್ದವ್ವ ಜಾಗ ಸಾಲದೇನೋ ಎಂಬಂತೆ ಸೀರೆಯ ನೆರಿಗೆ ಒತ್ತಟ್ಟಿಗೆ ಎಳೆದುಕೊಂಡು ಕಿಟಕಿಯ ಕಡೆಗೆ ಸರಿದು, ಪಕ್ಕದಲ್ಲಿ ಇನ್ನಷ್ಟು ಜಾಗ ಮಾಡಿದಳು. ವಿಜಯಪುರ ಬರುವವರೆಗೂ ಹಾಗೆಯೇ ಸರಿದು ಕೂತಿದ್ದಳು.