ಎಡಗಡೆಯೇ ಬೇಕೆಂದವನು

ಮುಂದಿನ ಸೀಟಿನ ಆ ಕತ್ತು ಒಂದು ಸಲವೂ ಕಿಟಕಿಯತ್ತ ತಿರುಗಲಿಲ್ಲವಲ್ಲ, ತೆರಕಣಾಂಬಿ ದಾಟಿತು, ಚೆಂಡುಹೂವಿನ ಹೊಲಗಳು ಕಣ್ಣು ಕುಕ್ಕುವಂತೆ ಹಳದಿ ಹಾಸಿಕೊಂಡು ಬಿದ್ದಿವೆ, ಬಸ್ಸಿನಲ್ಲಿರುವ ಆಟಗಾರರೆಲ್ಲ ಆ ಕಡೆಗೇ ಬಗ್ಗಿ ನೋಡುತ್ತಿದ್ದಾರೆ, ಈ ಕುಮಾರಸ್ವಾಮಿ ಮಾತ್ರ ಕಿಟಕಿ ಪಕ್ಕದಲ್ಲೇ ಕೂತು ಡ್ರೈವರನ ಬೆನ್ನು ನೋಡುತ್ತಿದ್ದಾನೆ, ಮನಸ್ಸಿನಲ್ಲಿ ಕಳ್ಳತನ ಇಲ್ಲದವನು ಹೀಗೆ ಕೂರುತ್ತಾನೆಯೇ ಎಂದುಕೊಂಡ ಬಸವಪ್ರಸಾದ್ — ಇರಲಿ, ಚಾಮರಾಜನಗರ ಬರಲಿ, ಅಲ್ಲಿ ಬಣ್ಣ ಬಯಲಾಗದೆ ಹೋದೀತೆ, ಬಣ್ಣದ ವಿಷಯ ಬಸವಪ್ರಸಾದನಿಗೆ ಯಾರೂ ಹೇಳಿಕೊಡಬೇಕಿಲ್ಲ, ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಪೇಂಟ್ ಅಂಗಡಿ ಅವನದು, ಊರಿನ ಫುಟ್‌ಬಾಲ್ ತಂಡ ಎಲ್ಲಿ ಆಡಿದರೂ ಶಟರ್ ಎಳೆದು ಹೊರಟುಬಿಡುವವನು, ಹೆಂಡತಿ ರೂಪಶ್ರೀ ಇವತ್ತೂ ಅಂದಳು, ಆಡೋರ್ಗಿಂತ ನೋಡೋರ್ಗೇ ಉರಿ ಜಾಸ್ತಿ ನಿಮ್ಮೂರಲ್ಲಿ, ಅನ್ನಲಿ, ಅವಳಿಗೇನು ಗೊತ್ತು, ತಂಡದಲ್ಲಿ ಉಳಿದಿರುವುದು ಒಂದೇ ಜಾಗ, ಒಂದು ಕಡೆ ಹತ್ತೊಂಬತ್ತರ ಗಣೇಶ, ಕಾಲೇಜು ಹುಡುಗ, ಬುದ್ಧಿ ಅಷ್ಟಕ್ಕಷ್ಟೆ, ಓಡಿದರೆ ಮಾತ್ರ ಜಿಂಕೆ, ಇನ್ನೊಂದು ಕಡೆ ಮೂವತ್ತೇಳರ ಈ ಆಸಾಮಿ, ಎಲ್ಲಿಂದಲೋ ಬಂದು ಮೈದಾನದ ಅಂಚಿನಲ್ಲಿ ನಿಂತು ನಾನೂ ಆಡ್ತೀನಿ ಅಂದವನು, ಅವತ್ತಿನಿಂದ ಟೀ ಅಂಗಡಿಯ ಮುಂದೆ ದಿನವೂ ಅದೇ ವಾದ, ಗಂಗಾಧರಸ್ವಾಮಿ, ಜೊತೆಯಲ್ಲಿ ಓದಿದ ಗೆಳೆಯ, ಅವನೂ ಆ ಕಡೆಗೇ ವಾಲಿಬಿಟ್ಟ, ಕಾಲು ಮುದಿಯಾದ್ರೆ ಏನಾಯ್ತು ಕಣ್ಲಾ ಪ್ರಸಾದ, ತಲೆ ಮಾಗ್ಯದೆ, ಕೇರಳದ ಬತ್ತೇರಿ ಕಡೆ ಏಳೇಳ್ ಜನ್ರ ಸೆವೆನ್ಸ್ ಆಡ್ಕ ಬಂದವ್ನೆ, ಆ ಮಲೆಯಾಳದವ್ರು ಸುಮ್ಸುಮ್ನೆ ಯಾರ್ನೂ ಆಡ್ಸಲ್ಲ. ಆಡಿಸುವುದಿಲ್ಲ ನಿಜ, ಅಷ್ಟು ದೊಡ್ಡ ಆಟಗಾರನಾದ್ರೆ ಅವ್ರು ಬುಟ್ಟು ಕಳ್ಸುದ್ಯಾಕ್ಲಾ ಎಂದು ಕೇಳಿದರೆ ಗಂಗಾಧರ ಇನ್ನೊಂದು ಟೀ ಹೇಳುತ್ತಾನೆ, ಊರು ಹರವೆಯಂತೆ, ಹರವೆಯವನು ಪಕ್ಕದ ಚಾಮರಾಜನಗರಕ್ಕೆ ಆಡಬೇಕಲ್ಲವೇ, ಹೊಳೆ ಹತ್ತಿರ ಇಟ್ಟುಕೊಂಡು ಬಾವಿ ನೀರು ಸೇದಲು ಬಂದಿದ್ದಾನೆಂದರೆ ಅವರೇ ಕಳಿಸಿರಬೇಕು, ನಮ್ಮ ಆಟ ನೋಡಿಕೊಂಡು ಹೋಗಿ ಅಲ್ಲಿ ಹೇಳುವುದಕ್ಕೆ, ಅದೂ ಹೋಗಲಿ, ಒದೆಯುವುದೆಲ್ಲ ಬಲಗಾಲಲ್ಲಿ, ನಿಲ್ಲುವುದಕ್ಕೆ ಮಾತ್ರ ಎಡಗಡೆಯೇ ಬೇಕು, ಕ್ಯಾಪ್ಟನ್ ಸೋಮಶೇಖರ್ ಒಂದು ದಿನ ಬಲಗಡೆ ನಿಲ್ಲಿಸಿದ್ದಕ್ಕೆ ಕಾಲು ಹಿಡ್ಕಂತು ಅಂತ ಕುಂಟಿಕೊಂಡು ಆಚೆ ಬಂದ, ಮಾರನೆಯ ದಿನ ಎಡಗಡೆ ಕುದುರೆಯ ಹಾಗೆ ಓಡಿದ, ಇಂಗೋಟ್ಟ್ ಇಂಗೋಟ್ಟ್ ಎಂದು ಮಲೆಯಾಳದಲ್ಲೇ ಕೂಗಿ ಚೆಂಡು ಕೇಳಿದ, ಎರಡು ಗೋಲು ಹೊಡೆದ, ಎಲ್ಲರೂ ಚಪ್ಪಾಳೆ ತಟ್ಟಿದರು, ಬಸವಪ್ರಸಾದ್ ತಟ್ಟಲಿಲ್ಲ, ಏನೋ ಅದೆ ಕಣ್ಲಾ ಅವ್ನತ್ರ, ಏನೋ ಮುಚ್ಚಿಕ್ಕಂಡವ್ನೆ. ನಿಂಗೆ ನಿನ್ ನೆಳ್ಳ ಕಂಡ್ರೂ ಅನುಮಾನ, ಅಂದ ಗಂಗಾಧರ.

ಚಾಮರಾಜನಗರದ ಮೈದಾನದಲ್ಲಿ ಆಗಲೇ ಬಿಸಿಲು, ಸುಣ್ಣದ ಗೆರೆ ಹೊಸದು, ಸೋಮಶೇಖರ್ ಶೂ ಲೇಸು ಕಟ್ಟುತ್ತ ಇನ್ನೊಂದ್ ಗಳ್ಗೆ ಬುಟ್ಟು ಹೆಸ್ರು ಕೊಡ್ಬೇಕು ಪ್ರಸಾದಣ್ಣ, ಏನ್ಮಾಡನ, ಎಂದು ಕೇಳಿದ, ಕೇಳಬೇಕಾದ್ದೇ, ತಂಡ ಕಟ್ಟಿದ ಕಾಲದಿಂದ ಗೆರೆ ಪಕ್ಕ ನಿಂತವನು ತಾನು, ತಡಿ, ಒಂದ್ ಗಳ್ಗೆ ತಡಿ ಅಂದ, ಟೀ ಬಂತು, ಒಂದು ಲೋಟ ತೆಗೆದು ಬಸವಪ್ರಸಾದ್ ತಾನೇ ಕುಮಾರಸ್ವಾಮಿಯತ್ತ ಚಾಚಿದ, ಇಸ್ಕ ಎಂದೂ ಅನ್ನಲಿಲ್ಲ, ಸುಮ್ಮನೆ ಚಾಚಿದ, ಲೋಟ ಗಾಳಿಯಲ್ಲೇ ಉಳಿಯಿತು, ಅವನು ತೆಗೆದುಕೊಳ್ಳಲಿಲ್ಲ, ಸೊಕ್ಕು ಎಂದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಗಂಗಾಧರ ಕೊಟ್ಟ ಲೋಟವನ್ನು ನಗುತ್ತ ತೆಗೆದುಕೊಂಡ, ಆ ಕಡೆ ಅಂದರೆ ಬಲಗಡೆ, ತಾನು ಚಾಚಿದ್ದು ಎಡಗಡೆಯಿಂದ — ಬಸ್ಸಿನ ಕಿಟಕಿಯೂ ಎಡಗಡೆ, ಹಳದಿ ಹೊಲವೂ ಎಡಗಡೆ, ಬೆರಳು ಸುಡುತ್ತಿತ್ತು, ಲೋಟ ಕೆಳಗಿಟ್ಟ, ಸಿಕ್ಕಿಬಿದ್ದೆ ಮಗನೆ, ಸೋಮಶೇಖರನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು, ಹೇಳಿದರೆ ಗಂಗಾಧರ ನಗುತ್ತಾನೆ, ಎಲ್ಲರ ಮುಂದೆಯೇ ಆಗಬೇಕು, ಕಾಲ ಬಳಿ ಚೆಂಡೊಂದು ಬಿದ್ದಿತ್ತು, ಎತ್ತಿಕೊಂಡ, ಕುಮಾರಸ್ವಾಮಿಯ ಎಡಕ್ಕೆ ನಾಲ್ಕು ಹೆಜ್ಜೆ ದೂರ ನಿಂತ, ಎಲ್ಲ ಇಲ್ ನೋಡ್ರಪ್ಪ ಅಂದ, ಅವನು ತಿರುಗುವ ಮೊದಲೇ, ಜೋರಾಗಿಯೇನೂ ಅಲ್ಲ, ಕೂಸಿಗೆ ಎಸೆದ ಹಾಗೆ ಎಸೆದ, ಚೆಂಡು ಹೋಗುತ್ತಿದೆ, ಕುಮಾರಸ್ವಾಮಿ ಟೀ ಕುಡಿಯುತ್ತ ಮುಂದೆ ನೋಡುತ್ತಿದ್ದಾನೆ, ಚೆಂಡು ಹತ್ತಿರ ಬಂತು, ಕೆನ್ನೆಯ ಮೂಳೆಗೆ ಬಡಿಯಿತು, ಟೀ ಎದೆಯ ಮೇಲೆ ಚೆಲ್ಲಿತು.

ಕುಮಾರಸ್ವಾಮಿ ಬಯ್ಯಲಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು, ಅಂಗಿ ಒರೆಸಿಕೊಂಡು ಪೂರ್ತಿ ಈ ಕಡೆಗೆ ತಿರುಗಿ, ಕೇಳಿದ್ರೆ ನಾನೇ ಹೇಳ್ತಿದ್ದೆ ಪ್ರಸಾದಣ್ಣ, ಅಂದ, ಬತ್ತೇರಿ ಹತ್ರ ಕಲ್ಲು ಕ್ವಾರೀಲಿ ಎಡಗಣ್ಗೆ ಚೂರು ಸಿಡೀತು, ನೋಡಕ್ಕೆ ಚೆನ್ನಾಗೇ ಅದೆ, ಕಾಣಕಿಲ್ಲ ಅಷ್ಟೆ. ಇಷ್ಟ್ ದಿನ ಯಾಕ್ ಹೇಳ್ನಿಲ್ಲ, ಸೋಮಶೇಖರ್ ಕೇಳಿದ. ಮೊದ್ಲು ಇಲ್ಲಿ ಚಾಮರಾಜನಗರದವ್ರತ್ರಾನೇ ಬಂದಿದ್ದೆ, ನಿಜ ಹೇಳ್ದೆ, ಆಡ್ಸಿ ನೋಡ್ದೇನೆ ಮನೆಗ್ ಕಳ್ಸುದ್ರು, ಎಡಗಡೆ ನಿಂತ್ರೆ ನನ್ ಎಡಕ್ಕೆ ಗೆರೆ ಕಣಪ್ಪ, ಗೆರೆಯಿಂದಾಚೆ ಯಾರೂ ಬರಕಿಲ್ಲ, ಆಟ ಪೂರ್ತಿ ಬಲಗಣ್ಗೇ ಸಿಕ್ತದೆ. ಸೋಮಶೇಖರ್, ಏಟು ಬಿದ್ದು ಇರೋದೊಂದೂ ಹೋದ್ರೆ ಆ ಪಾಪ ನಾ ಹೊರಕಾಗಲ್ಲ ಕಣಣ್ಣ, ಅಂದು ಉಳಿದಿದ್ದ ತಂಡದ ಬನಿಯನ್ನನ್ನು ಗಣೇಶನ ಕೈಗೆ ಕೊಟ್ಟ. ಸರಿಯಾದ್ದೇ ಅಲ್ಲವೇ, ತನ್ನ ಅನುಮಾನ ಸುಳ್ಳಾಯಿತೇ, ಇಲ್ಲ, ಮುಚ್ಚಿಟ್ಟದ್ದು ಇತ್ತು, ಹೊರಗೆ ಬಂತು, ಗಂಗಾಧರ ಮಾತ್ರ ಯಾಕೆ ಎದ್ದು ಹೋಗಿ ದೂರದ ಮೆಟ್ಟಿಲ ಮೇಲೆ ಕೂತ, ಗಣೇಶ ಓಡುತ್ತಿದ್ದಾನೆ, ಗೋಲೂ ಹೊಡೆದ, ಗುಂಡ್ಲುಪೇಟೆ ಗೆಲ್ಲುತ್ತಿದೆ, ಊರವರು ಕುಣಿಯುತ್ತಿದ್ದಾರೆ, ಕುಮಾರಸ್ವಾಮಿ ಬಂದು ಪಕ್ಕದಲ್ಲೇ ಕೂತ, ಬಸವಪ್ರಸಾದನ ಬಲಕ್ಕೆ, ಅಂದರೆ ಅವನ ಎಡಕ್ಕೆ ಇವನು, ಬೇಕೆಂದೇ ಕೂತನೇ, ಚಪ್ಪಾಳೆ ತಟ್ಟುತ್ತಿದ್ದಾನೆ, ಇದೂ ನಾಟಕವಿರಬಹುದೇ, ಹೊಟ್ಟೆಯೊಳಗೆ ಬೇರೆಯೇ ಇರಬಹುದೇ, ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು, ನೋಡಿದ್ದು ಅವನಿಗೆ ತಿಳಿಯುವುದಿಲ್ಲ, ದಿಟ್ಟಿಸಿದ, ಕೆನ್ನೆ ಕೆಂಪಗೆ ಊದಿದೆ, ಅದರ ಮೇಲೆ ಆ ಕಣ್ಣು, ಕಪ್ಪು ಗುಡ್ಡೆ, ಬಿಳುಪು, ಎಲ್ಲ ಸರಿಯಾಗಿಯೇ ಇದೆ, ಎಸೆದಾಗ ತಾನು ಅದನ್ನೇ ಅಲ್ಲವೇ ನೋಡುತ್ತಿದ್ದದ್ದು, ಕೈಯಿಂದ ಬಿಟ್ಟ ಮೇಲೆ ಹಿಡಿದು ನಿಲ್ಲಿಸಲಾಗಲಿಲ್ಲ, ಚೆಂಡು ಹೋಗುತ್ತಿದೆ, ಕಣ್ಣು ಅಗಲವಾಗಿ ತೆರೆದೇ ಇದೆ, ಹಸುಗೂಸೂ ಅಷ್ಟು ಹತ್ತಿರ ಏನಾದರೂ ಬಂದರೆ ರೆಪ್ಪೆ ಮುಚ್ಚುತ್ತದೆ, ಯಾರೋ ಹೆಗಲು ಹಿಡಿದು ಅಲುಗಾಡಿಸುತ್ತಿದ್ದಾರೆ, ಗೆದ್ವಲ್ಲೋ ಪ್ರಸಾದಣ್ಣ, ಏಳು, ಇನ್ನೊಂದು ಗೋಲಿರಬೇಕು, ಚೆಂಡು ಹೋಗುತ್ತಿದೆ, ದೊಡ್ಡದಾಗುತ್ತಿದೆ, ಕಣ್ಣು ತೆರೆದೇ ಇದೆ, ರೆಪ್ಪೆ ಬಡಿಯುತ್ತಿಲ್ಲ, ಚೆಂಡು ಹೋಗುತ್ತಿದೆ, ರೆಪ್ಪೆ ಬಡಿಯುತ್ತಿಲ್ಲ, ರೆಪ್ಪೆ —