ಹುಬ್ಬಿನ ಹೌದು

ಊವಿಲು ಅಜ್ಜಿಗೆ ಡಾಕ್ಟರುಗಳ ಮೇಲೆ ಇದ್ದದ್ದು ಒಂದೇ ತಕರಾರು: ತೇಪೆ ಹಾಕಿದವರು ಹೊಲಿಗೆ ಹಾಕಿರಲಿಲ್ಲ. ಸೀಲ್ ಚರ್ಮದ ಬೂಟು ಹೊಲಿಯುವುದರಲ್ಲಿ ಉತ್ತರ ಧ್ರುವದ ಹತ್ತಿರದ ಬ್ಯಾಫಿನ್ ದ್ವೀಪದ ಆ ಊರಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಹೊಲಿದ ಬೂಟಿನೊಳಗೆ ಒಂದು ಹನಿ ನೀರು ಇಳಿದರೆ ಕೇಳಿ. ಅಂಥವಳ ಮೊಮ್ಮಗಳ ಬಲಗಿವಿಯ ತಮಟೆ ತೂತಾಗಿದ್ದಾಗ, ಒಟ್ಟಾವಾ ನಗರದ ಡಾಕ್ಟರುಗಳು ಅದೇ ಕಿವಿಯಿಂದ ಮೆತ್ತನೆ ಎಲುಬಿನ ಚೂರೊಂದನ್ನು ತೆಗೆದು, ತೆಳ್ಳಗೆ ಹೆರೆದು, ತೂತಿಗೆ ಸುಮ್ಮನೆ ಆನಿಸಿಟ್ಟು ಕಳಿಸಿದ್ದರು.

“ಹೊಲಿಯದ ತೇಪೆ ಎಷ್ಟು ದಿನ ನಿಲ್ಲತ್ತೆ?” ಎಂದು ಆರು ತಿಂಗಳಿಂದ ಅಜ್ಜಿ ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳು.

ಮೊಮ್ಮಗಳು ತಿಕಿವಿಕ್‌ಗೆ ಏಳು ವರ್ಷ. ಅಜ್ಜಿ ತೀರಿಹೋದ ತನ್ನ ಅಪ್ಪನ ಹೆಸರನ್ನೇ ಇಟ್ಟದ್ದರಿಂದ ಅವಳನ್ನು ಕರೆಯುವುದು “ಅಪ್ಪಾ” ಎಂದು. ಅವಳು ಅಜ್ಜಿಯನ್ನು ಕರೆಯುವುದು “ಮಗಳೇ” ಎಂದು. ಹೆಸರು ಬಂದ ಮೇಲೆ ನಂಟೂ ಬರಬೇಕಲ್ಲ! ಆ ಹಳೆಯ ತಿಕಿವಿಕ್, ಮಂಜುಗಡ್ಡೆಯ ಕೆಳಗೆ ಸೀಲ್ ಉಸಿರೆಳೆದರೆ ಮೇಲೆ ನಿಂತೇ ಕೇಳಿಸಿಕೊಳ್ಳುತ್ತಿದ್ದ. ಈ ತಿಕಿವಿಕ್‌ಳ ಎರಡೂ ಕಿವಿ ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಸೋರುತ್ತಿದ್ದವು. ಔಷಧಿ ಹಾಕಿದಾಗ ಒಣಗುತ್ತಿದ್ದವು, ಬಿಟ್ಟಾಗ ಮತ್ತೆ ಸೋರುತ್ತಿದ್ದವು. ಅಪ್ಪನ ಹೆಸರು ಕೊಟ್ಟೆ, ಅಪ್ಪನ ಕಿವಿ ಕೊಡಲಾಗಲಿಲ್ಲ ಎಂದು ಅಜ್ಜಿಗೆ ಒಳಗೊಳಗೇ ಸಂಕಟ.

ಹುಡುಗಿಗಿದ್ದ ಆಸೆಯೂ ಒಂದೇ. ವಸಂತ ಬಂತೆಂದರೆ ಅಜ್ಜಿಯ ಮಗ ಜೂಟಾಯ್ ಮನೆಮಕ್ಕಳನ್ನೆಲ್ಲ ಕರೆದುಕೊಂಡು ಸಮುದ್ರದ ಮಂಜುಗಡ್ಡೆಯ ಮೇಲೆ ಬಿಡಾರ ಹೂಡುತ್ತಾನೆ. ತಿಕಿವಿಕ್ ಮಾತ್ರ ಮನೆಯಲ್ಲೇ ಉಳಿಯಬೇಕು. “ಮಂಜು ಬಿರಿದಾಗ ನಾನು ಓಡು ಅಂದ್ರೆ ಇವಳಿಗೆ ಕೇಳಬೇಕಲ್ಲ? ಒಂದು ಕಿವಿ ಕೇಳಿದ್ರೂ ಸಾಕು, ಕರ್ಕೊಂಡು ಹೋಗ್ತೀನಿ” ಎಂದಿದ್ದ. ಆ ಒಂದು ಕಿವಿ ಸರಿಹೋಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅವಳೊಡನೆ ಎಲ್ಲರೂ ಕಿರುಚಿಯೇ ಮಾತಾಡುವುದು ಏಳು ವರ್ಷದ ರೂಢಿ.

ಅದನ್ನು ಹೇಳಬೇಕಾದವಳು ಕಾಲೆಟ್. ಸೋರುವ ಕಿವಿ ಯಾಕೆ ಮತ್ತೆ ಮತ್ತೆ ಸೋರುತ್ತದೆ ಎಂದು ಸಂಶೋಧನೆ ಮಾಡುತ್ತ, ಇದೇ ಮೊದಲ ಸಲ ಈ ಕಡೆಗೆ ಬಂದ ಡಾಕ್ಟರು. ರೋಗಾಣುಗಳು ಕಿವಿಯೊಳಗೆ ಲೋಳೆಯ ಪೊರೆ ಹೊದ್ದು ಅಂಟಿಕೂರುತ್ತವೆ, ಔಷಧಿ ಅದರ ಮೇಲೇ ಹರಿದುಹೋಗುತ್ತದೆ, ಅದಕ್ಕೇ ಮೊದಲು ಪೊರೆ ಸಡಿಲಿಸುವ ಹೊಸ ಹನಿಯನ್ನು ಹಾಕಿ ನೋಡುತ್ತಿದ್ದೇವೆ ಎಂದು ಅವಳು ವಿವರಿಸಿದ್ದಳು. ಇದು ಅಜ್ಜಿಗೆ ಥಟ್ಟನೆ ಅರ್ಥವಾಯಿತು. ಚರ್ಮಕ್ಕಂಟಿದ ಕೊಬ್ಬನ್ನು ಹೆರೆಯದೆ ಬರೀ ನೀರು ಸುರಿದರೆ ಏನು ಬಂತು? ಹನಿಯ ಮಾತು ಸರಿ. ಆದರೆ ಹೊಲಿಯದ ತೇಪೆ?

ಪರೀಕ್ಷೆಯ ದಿನ ಕಾಲೆಟ್ ಹುಡುಗಿಯ ತಲೆಗೆ ಹೆಡ್‌ಫೋನ್ ಹಾಕಿದಳು. “ಸದ್ದು ಕೇಳಿದಾಗಲೆಲ್ಲ ಹೌದು ಅನ್ನೋಕೆ ಹೇಳಿ. ಸಣ್ಣ ಸದ್ದಾದರೂ ಸರಿ.”

ಅಜ್ಜಿ ತಮ್ಮ ಮಾತಿನಲ್ಲಿ ಹೇಳಿ, “ತಿಳೀತಾ ಅಪ್ಪಾ?” ಎಂದು ಕೂಗಿದಳು. ತಿಕಿವಿಕ್ ಹುಬ್ಬೇರಿಸಿದಳು.

ಗುಂಡಿ ಒತ್ತುವ ಬೆರಳು ಹುಡುಗಿಗೆ ಕಾಣಬಾರದೆಂದು ಕಾಲೆಟ್ ಬೆನ್ನು ತಿರುಗಿಸಿ ಕೂತಳು. ಸನ್ನೆ ಮಾಡಬಾರದೆಂದು ಅಜ್ಜಿಯನ್ನು ಹಿಂದೆ ಕೂರಿಸಿದಳು. ಅಜ್ಜಿಗೆ ಕಾಣುತ್ತಿದ್ದದ್ದು ಮೊಮ್ಮಗಳ ಎರಡು ಜಡೆ ಮಾತ್ರ. ಹತ್ತು ನಿಮಿಷ ಕೋಣೆಯಲ್ಲಿ ಒಂದು ಮಾತಿಲ್ಲ.

ಕಾಲೆಟ್ ತಿರುಗಿದಾಗ ಮುಖ ಸಪ್ಪಗಾಗಿತ್ತು. “ಒಂದೂ ಕೇಳಲಿಲ್ಲ ಅಜ್ಜೀ. ಜೋರು ಸದ್ದೂ ಕೂಡ. ಕಿವಿ ಮತ್ತೆ ಬಿಚ್ಚಿ ನೋಡಬೇಕಾಗುತ್ತೇನೋ.”

“ನಾನು ಹೇಳಿರಲಿಲ್ವಾ?” ಎಂದಳು ಅಜ್ಜಿ. ಆದರೆ ತನ್ನ ಮಾತು ನಿಜವಾಯಿತೆಂಬ ಸುಖ ಎಳ್ಳಷ್ಟೂ ಇರಲಿಲ್ಲ. ಹುಡುಗಿಗೆ ಕೋಟು ತೊಡಿಸಲು ಬಾಗಿದಳು. ಹುಡುಗಿ ಹಣೆ ಉಜ್ಜಿಕೊಳ್ಳುತ್ತಿದ್ದಳು.

“ಮಗಳೇ, ನನ್ನ ಹುಬ್ಬು ನೋಯ್ತಿದೆ.”

“ಯಾಕಪ್ಪಾ?”

“ಎಷ್ಟು ಸಲ ಅಂತ ಹೌದು ಅನ್ನೋದು? ಆಯಮ್ಮ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ!”

ಅಜ್ಜಿ ಮೊಮ್ಮಗಳ ಹುಬ್ಬು ನೋಡಿದಳು, ತಿರುಗಿ ಡಾಕ್ಟರನ್ನು ನೋಡಿದಳು. ಆಮೇಲೆ ನಗು ಬಂತು ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಡಾಕ್ಟ್ರಮ್ಮಾ! ನಮ್ಮ ಹೌದು ಬಾಯಲ್ಲಿಲ್ಲ ಕಣೇ, ಹುಬ್ಬಲ್ಲಿದೆ! ನೀನು ಗೋಡೆ ನೋಡ್ಕೊಂಡು ಕೂತ್ರೆ ಹೇಗೆ ಕಾಣತ್ತೆ?”

ಕಾಲೆಟ್‌ಳ ಬಾಯಿ ತೆರೆದೇ ಇತ್ತು. “ಹೋದ ವಾರ ಪಕ್ಕದ ಊರಲ್ಲಿ ಐದು ಮಕ್ಕಳಿಗೆ ಕೇಳಿಸಲ್ಲ ಅಂತ ಬರೆದುಬಿಟ್ಟೆನಲ್ಲ!” ಎಂದು ತಲೆ ಚಚ್ಚಿಕೊಂಡಳು.

ಈ ಸಲ ಅವಳು ಎದುರಿಗೇ ಕೂತು, ಬೆರಳಿಗೆ ಒಂದು ರಟ್ಟು ಅಡ್ಡ ಇಟ್ಟುಕೊಂಡಳು. ಒತ್ತಿದಳು. ಹುಬ್ಬು ಮೇಲೆ. ಸದ್ದು ಇಳಿಸಿದಳು. ಮತ್ತೆ ಮೇಲೆ. ಇನ್ನೂ ಇಳಿಸಿದಳು, ಇಲಿ ನಡೆದಷ್ಟು ಸಣ್ಣದಕ್ಕೆ. ತಿಕಿವಿಕ್ ಉಸಿರು ಬಿಗಿಹಿಡಿದು ಕೂತಳು. ಹುಬ್ಬು ನಿಧಾನವಾಗಿ ಏರಿ ಮುಂಗುರುಳಿಗೆ ತಾಗಿತು. ಕಾಲೆಟ್ ಕಣ್ಣೊರೆಸಿಕೊಂಡಳು. ಅಜ್ಜಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಕಿವಿಯೊಳಗಿನ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಾಗ ಅಜ್ಜಿ ಮೂಗು ತಾಗುವಷ್ಟು ಹತ್ತಿರ ಹೋದಳು. ಒಣಗಿದ ಕಿವಿ. ಅಂಚೆಲ್ಲ ಕೂಡಿಕೊಂಡ ತೇಪೆ. ಅವಳು ಬಹಳ ಹೊತ್ತು ನೋಡಿದಳು.

“ಹೊಲಿಗೆ ಇಲ್ದೇನೂ ಒಳ್ಳೇ ಕೆಲಸಾನೇ ಮಾಡಿದಾರೆ” ಎಂದು ಕೊನೆಗೂ ಒಪ್ಪಿಕೊಂಡಳು. “ಹಾಗಂತ ಬೂಟಿಗೆ ಆಗಲ್ಲ.”

ಚೀಲದಿಂದ ರೊಟ್ಟಿ ತೆಗೆದು ಕಾಲೆಟ್‌ಳ ಕೈಗಿಟ್ಟಳು. ಅವಳು ಬಾಯಿ ತುಂಬ ತುಂಬಿಕೊಂಡಿದ್ದಾಗಲೇ ಜೂಟಾಯ್ ಹಿಮ ಕೊಡವುತ್ತ ಒಳಗೆ ಬಂದ. “ನಾಳೆ ಬೆಳಿಗ್ಗೆ ಹೊರಡ್ತಿದೀವಿ. ಏನಂತೆ ಡಾಕ್ಟ್ರೇ? ಇವಳನ್ನ ಕರ್ಕೊಂಡು ಹೋಗ್ಬಹುದಾ?”

ಕಾಲೆಟ್‌ಗೆ ಬಾಯಿ ತೆರೆಯುವಂತಿರಲಿಲ್ಲ. ಎರಡೂ ಹುಬ್ಬು ಮೇಲೇರಿಸಿದಳು.

“ಇನ್ನೂ ಸ್ವಲ್ಪ ಮೇಲೆತ್ತು ತಾಯೀ, ಅವನಿಗೆ ಕಣ್ಣು ಮಂದ” ಎಂದಳು ಅಜ್ಜಿ.

ಜೂಟಾಯ್‌ಗೆ ಕಂಡಿತ್ತು. ಹೆಸರಿನ ಲೆಕ್ಕದಲ್ಲಿ ಹುಡುಗಿ ಅವನಿಗೆ ತಾತ. ಅವಳನ್ನು ಎತ್ತಿಕೊಂಡು, ಹಳೇ ಅಭ್ಯಾಸದಂತೆ ಕಿವಿಯ ಹತ್ತಿರ ಬಾಯಿಟ್ಟು ಊರಿಗೆಲ್ಲ ಕೇಳುವಂತೆ ಕೂಗಿದ: “ತಾತಾ! ಬಟ್ಟೆ ಕಟ್ಟಿಕೋ! ಸೀಲ್ ಬೇಟೆಗೆ ಹೋಗೋಣ!”

ತಿಕಿವಿಕ್ ಬಲಗಿವಿ ಮುಚ್ಚಿಕೊಂಡು ಮುಖ ಕಿವಿಚಿದಳು.

“ಯಾಕೋ ಮೊಮ್ಮಗನೇ, ಹಂಗೆ ಕಿರುಚ್ತೀಯ? ನಂಗೆ ಕೇಳತ್ತೆ.”