ಬಬಲೇಶ್ವರದ ಹಸಿರು ಕಂಬ

ಜೋರಾಪುರ ಪೇಟೆಯ ನಮ್ಮ ರೊಟ್ಟಿ ಕೇಂದ್ರದ ಲೆಕ್ಕವನ್ನು ಈಗ ಮಗಳು ವಿಶಾಖಾ ಲ್ಯಾಪ್‌ಟಾಪಿನ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಾಳೆ. ಯಾವ ಊರಿನ ವ್ಯಾಪಾರ ಹೇಗಿದೆ ಎಂದು ಬಣ್ಣದ ಕಂಬಗಳು ತೋರಿಸುತ್ತವೆ. ತಿಕೋಟಾ ಸದಾ ಹಸಿರು, ಬಬಲೇಶ್ವರ ಕೆಂಪು. ಈ ತಿಂಗಳೂ ಕೆಂಪಾದರೆ ಬಬಲೇಶ್ವರಕ್ಕೆ ರೊಟ್ಟಿ ಕಳಿಸುವುದನ್ನು ನಿಲ್ಲಿಸಬೇಕೆಂದಿದ್ದೆವು. ಅಲ್ಲಿಗೆ ಬಸ್ಸಿನಲ್ಲಿ ಬುಟ್ಟಿ ಒಯ್ದು ಮಾರುವ ಸಾವಂತ್ರವ್ವನಿಗೆ ಬೇರೆ ಕೆಲಸವಿಲ್ಲ.

ತಿಂಗಳ ಕೊನೆಗೆ ನೋಡಿದರೆ ಬಬಲೇಶ್ವರದ ಕಂಬ ಹಸಿರಾಗಿತ್ತು.

"ಭಾರೀ ಮಾರೀರಿ ದೊಡ್ಡವ್ವಾ. ಇನ್ನ ನಿಮ್ಮ ಬುಟ್ಟಿ ಯಾರೂ ಕಸಗೊಳ್ಳಂಗಿಲ್ಲ," ಎಂದು ವಿಶಾಖಾ ನಕ್ಕಳು.

ಸಾವಂತ್ರವ್ವ ನಗಲಿಲ್ಲ.

"ಅದು ದಿನದ ವ್ಯಾಪಾರ ಅಲ್ಲ ತಂಗಿ. ಬಬಲೇಶ್ವರದಾಗ ನನ್ನ ತವರಮನಿ ಓಣ್ಯಾಗ ಧರ್ಮರಾಜ ತೀರಿಕೊಂಡ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಲ್ಲ, ಬಂದ ಮಂದಿಗೆಲ್ಲಾ ಓಣಿಯವರು ರೊಕ್ಕ ಕೂಡಿಸಿ ನಮ್ಮ ರೊಟ್ಟೀನ ತರಿಸಿದ್ರು."

"ಹೇಳದಿದ್ರೂ ನಡೀತಿತ್ತಲ್ರಿ," ಎಂದಳು ವಿಶಾಖಾ ಮೆಲ್ಲಗೆ.

"ಅಂವ ನನ್ನ ಅಣ್ಣನ ಮಗ ಬೇ. ಎತ್ತಿ ಆಡಿಸಿದ ಕೂಸು. ಅಂವನ ಸಾವಿನ ಮ್ಯಾಲ ನನ್ನ ಕೆಲಸ ಹೆಂಗ ಉಳಿಸಿಕೊಳ್ಳಲಿ? ತಗದ ಬಿಡು."

ಆ ದಿನಗಳ ರೊಟ್ಟಿಗಳನ್ನು ವಿಶಾಖಾ ಲೆಕ್ಕದಿಂದ ತೆಗೆದಳು. ಕಂಬ ಕುಗ್ಗಿ ಕೆಂಪಾಯಿತು. ನಾಳೆಯಿಂದ ಬರುವುದು ಬೇಡ ಎಂದು ಹೇಳುವ ಕೆಲಸ ನನ್ನದಾಗಿತ್ತು.

"ಯಕ್ಕಾ, ಚಾ ಕುಡದ ಹೋಗು," ಎಂದೆ.

ಅವಳೇ ಖಾಲಿ ಬುಟ್ಟಿಯನ್ನು ಒರೆಸಿ, ನನ್ನ ಕೈಗೆ ಕೊಟ್ಟಳು.